ಹೈಸ್ಕೂಲಿನಿಂದ ಪ್ರೊಫೆಷನಲ್ ಬ್ಯಾಸ್ಕೆಟ್‌ಬಾಲ್‌ವರೆಗೆ: ತುಮಕೂರಿನ ಹುಡುಗನಿಗೆ ದಾರಿ ಯಾವುದು?

ಶಿರಾಗೇಟ್_ಮಾವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗನ ವಿಚಾರ ಕೇಳಬೇಕಿತ್ತು. ತುಮಕೂರಿನಲ್ಲೇ 9ನೇ ತರಗತಿ, ಸ್ಟೇಟ್ ಸಿಲಬಸ್. ಈ ನವೆಂಬರ್‌ಗೆ 15 ತುಂಬುತ್ತದೆ. ಎತ್ತರ 6 ಅಡಿ 1 ಅಂಗುಲ, ತೂಕ 64 ಕೆ.ಜಿ. ಶಾಲಾ ತಂಡದಲ್ಲಿ ಸೆಂಟರ್ ಆಡುತ್ತಾನೆ, ರಿಬೌಂಡ್ (ಬುಟ್ಟಿಗೆ ಬೀಳದೆ ಮರಳಿದ ಚೆಂಡು) ಬಹುಪಾಲು ಅವನದೇ. ತಾಲ್ಲೂಕು ಗೆದ್ದು ಜಿಲ್ಲಾ ಸೆಮಿಫೈನಲ್‌ನಲ್ಲಿ ತಂಡ ಸೋತಿತು, ಅಲ್ಲಿಗೆ ಈ ವರ್ಷದ ಆಟ ಮುಗಿಯಿತು.

ಅವನಿಗೆ ಪ್ರೊಫೆಷನಲ್ ಆಗಬೇಕೆಂಬ ಆಸೆ ಗಟ್ಟಿಯಾಗಿದೆ. ಅಕ್ಕ ಭಾವನಿಗೆ ಓದಿನ ಭಯ. ನಮಗೆ ತಿಳಿಯದಿರುವುದು ಇಷ್ಟು: ಶಾಲಾ ತಂಡ ಸೋತರೆ ಹುಡುಗನಿಗೆ ಬೇರೆ ಬಾಗಿಲು ಇದೆಯಾ? 10ನೇ ತರಗತಿ ಆದಮೇಲೆ ಬೆಂಗಳೂರಿಗೆ ಕಳಿಸಲೇಬೇಕಾ? ಒಬ್ಬರು ಮುಂಗಡ ಹಣ ಕೊಟ್ಟರೆ ಅಮೆರಿಕದ ಹೈಸ್ಕೂಲಿಗೆ ಸೇರಿಸುತ್ತೇವೆ ಅನ್ನುತ್ತಿದ್ದಾರೆ, ಅದನ್ನು ನಂಬಬಹುದಾ? ಈಗ ದಿನಕ್ಕೆ ಒಂದೂವರೆ ಗಂಟೆ ಸಿಮೆಂಟ್ ಕೋರ್ಟ್ ಸಿಗುತ್ತದೆ, ಅದರಲ್ಲಿ ಏನು ಮಾಡಿಸಬೇಕು? ತಿಳಿದವರು ವಿವರವಾಗಿ ಬರೆಯಿರಿ.

ಗುಬ್ಬಿ_ಪಿಇ

ಸರ್, ಬೇರೆ ಬಾಗಿಲು ಖಂಡಿತ ಇದೆ. ನಮ್ಮಲ್ಲಿ ಮಕ್ಕಳ ಬ್ಯಾಸ್ಕೆಟ್‌ಬಾಲ್‌ಗೆ ಎರಡು ಪ್ರತ್ಯೇಕ ದಾರಿಗಳಿವೆ. ಹೆಚ್ಚಿನ ಪೋಷಕರಿಗೆ ಒಂದೇ ಗೊತ್ತಿರುತ್ತದೆ.

ಒಂದು ಶಿಕ್ಷಣ ಇಲಾಖೆಯದು. ಹೋಬಳಿ ಅಥವಾ ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ, ಆಮೇಲೆ ಸ್ಕೂಲ್ ಗೇಮ್ಸ್ ಫೆಡರೇಷನ್‌ನ ರಾಷ್ಟ್ರೀಯ ಕೂಟ. 14, 17, 19 ವರ್ಷದೊಳಗಿನವರ ವಿಭಾಗಗಳು ಇರುತ್ತವೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಬೆಂಗಳೂರು ವಿಭಾಗಕ್ಕೆ ಸೇರಿದವು, ಹಾಗಾಗಿ ಜಿಲ್ಲೆ ಗೆದ್ದರೂ ಮುಂದಿನ ಸುತ್ತಿನಲ್ಲೇ ರಾಜಧಾನಿಯ ದೊಡ್ಡ ಶಾಲೆಗಳು ಎದುರಾಗುತ್ತವೆ. ಗುಂಪು ಆಟಗಳಲ್ಲಿ ಗೆದ್ದ ಶಾಲೆಯ ತಂಡವೇ ಮೇಲಕ್ಕೆ ಹೋಗುವುದರಿಂದ ಸೋತ ತಂಡದ ಒಳ್ಳೆಯ ಆಟಗಾರ ಅಲ್ಲೇ ಉಳಿಯುತ್ತಾನೆ. ನಿಮ್ಮ ಹುಡುಗನಿಗೆ ಆಗಿರುವುದು ಇದೇ.

ಇನ್ನೊಂದು ಫೆಡರೇಷನ್ ದಾರಿ. ಕರ್ನಾಟಕ ರಾಜ್ಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯಲ್ಲಿ ನೋಂದಣಿಯಾದ ಕ್ಲಬ್ ಅಥವಾ ಜಿಲ್ಲಾ ತಂಡದ ಪರ ರಾಜ್ಯ ಚಾಂಪಿಯನ್‌ಶಿಪ್ ಆಡಬೇಕು. ಅಲ್ಲಿ ಗಮನ ಸೆಳೆದವರನ್ನು ಸಂಭಾವ್ಯರ ಕ್ಯಾಂಪ್‌ಗೆ ಕರೆಯುತ್ತಾರೆ, ಕ್ಯಾಂಪ್‌ನಿಂದ 12 ಜನರ ರಾಜ್ಯ ತಂಡ ಆಗುತ್ತದೆ. ಆ ತಂಡ ಭಾರತೀಯ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ (ಬಿಎಫ್‌ಐ) ನಡೆಸುವ ರಾಷ್ಟ್ರೀಯ ಕೂಟ ಆಡುತ್ತದೆ: ಯೂತ್ ಅಂದರೆ 16ರೊಳಗೆ, ಜೂನಿಯರ್ ಅಂದರೆ 18ರೊಳಗೆ. ಭಾರತ ತಂಡದ ಕ್ಯಾಂಪ್‌ಗೆ ಹೋಗುವ ದಾರಿ ಮುಖ್ಯವಾಗಿ ಇದು. ಇಲ್ಲಿ ಹುಡುಗ ಒಬ್ಬನೇ ಆಯ್ಕೆಯಾಗಬಹುದು, ಅವನ ಶಾಲೆ ಗೆಲ್ಲಲೇಬೇಕೆಂದಿಲ್ಲ.

ವಯಸ್ಸಿನ ಲೆಕ್ಕ ಗಮನಿಸಿ. ಫೆಡರೇಷನ್‌ನಲ್ಲಿ ಹುಟ್ಟಿದ ವರ್ಷ ನೋಡುತ್ತಾರೆ, ಜನವರಿ 1 ಗಡಿ. ಈ ನವೆಂಬರ್‌ಗೆ 15 ತುಂಬುವವನಿಗೆ ಮುಂದಿನ ವರ್ಷವೇ ಯೂತ್‌ನ ಕೊನೆಯ ವರ್ಷ. ನವೆಂಬರ್‌ನಲ್ಲಿ ಹುಟ್ಟಿದವನು ಅದೇ ವರ್ಷದ ಜನವರಿ ಹುಡುಗರಿಗಿಂತ ಹತ್ತು ತಿಂಗಳು ಚಿಕ್ಕವನು, ಈ ವಯಸ್ಸಿನಲ್ಲಿ ಅದು ಮೈಕಟ್ಟಿನಲ್ಲಿ ಎದ್ದು ಕಾಣುತ್ತದೆ. ಆದ್ದರಿಂದ ಯೂತ್ ತಪ್ಪಿಹೋದರೂ ಕೈಬಿಡಬೇಡಿ, ಜೂನಿಯರ್‌ಗೆ ಇನ್ನೆರಡು ವರ್ಷ ಇರುತ್ತದೆ. ಆದರೆ ಕ್ಲಬ್ ನೋಂದಣಿ ಇದೇ ವರ್ಷ ಆಗಲಿ. ಟೂರ್ನಿ ಪ್ರಕಟವಾದ ಮೇಲೆ ಓಡಾಡಿದರೆ ತಡವಾಗಿರುತ್ತದೆ.

ಕಾಗದಪತ್ರದಲ್ಲೇ ಹೆಚ್ಚು ಮಕ್ಕಳು ಎಡವುತ್ತಾರೆ. ಜನನ ಪ್ರಮಾಣಪತ್ರ ಹುಟ್ಟಿದ ಸಮಯದಲ್ಲೇ ನೋಂದಣಿಯಾದದ್ದು ಇರಬೇಕು. ವರ್ಷಗಳ ನಂತರ ಕೋರ್ಟ್ ಆದೇಶದಿಂದ ಮಾಡಿಸಿದ್ದನ್ನು ಅನುಮಾನದಿಂದಲೇ ನೋಡುತ್ತಾರೆ. ಅನುಮಾನ ಬಂದರೆ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ. ಎರಡನೆಯದು ಹೆಸರು. ನಮ್ಮ ಕಡೆ ಶಾಲಾ ದಾಖಲೆಯಲ್ಲಿ ಇನಿಷಿಯಲ್ ಮಾತ್ರ, ಆಧಾರ್‌ನಲ್ಲಿ ತಂದೆಯ ಹೆಸರು ಪೂರ್ತಿ, ಜನನ ಪ್ರಮಾಣಪತ್ರದಲ್ಲಿ ಇನ್ನೊಂದು ಕಾಗುಣಿತ. ಮೂರನ್ನೂ ಹೊಂದಿಸುವ ಕೆಲಸ ಎಸ್‌ಎಸ್‌ಎಲ್‌ಸಿ ನೋಂದಣಿಗೆ ಮೊದಲೇ ಮುಗಿಯಬೇಕು, ಅಂದರೆ ಈ 9ನೇ ತರಗತಿಯಲ್ಲೇ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಬಂದಮೇಲೆ ತಿದ್ದುಪಡಿ ಎಂದರೆ ಅಲೆದಾಟ. ಆಮೇಲೆ ಪಾಸ್‌ಪೋರ್ಟ್ ಮಾಡಿಸಿಡಿ. ಭಾರತ ಕ್ಯಾಂಪ್‌ಗೆ ಕರೆ ಬಂದಾಗ ಪಾಸ್‌ಪೋರ್ಟ್ ಇಲ್ಲದಿದ್ದರೆ ಆಟ ಚೆನ್ನಾಗಿದ್ದರೂ ವಿದೇಶ ಪ್ರವಾಸ ಕೈತಪ್ಪುತ್ತದೆ.

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳನ್ನೂ ನೋಡಿ. ಬೆಂಗಳೂರಿನ ವಿದ್ಯಾನಗರ ಕ್ರೀಡಾ ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಇದೆ. ಊಟ, ವಸತಿ, ತರಬೇತಿ ಸರ್ಕಾರದ್ದು. ಪಿಯು ಹಂತದ ಪ್ರವೇಶಕ್ಕೆ ಟ್ರಯಲ್ಸ್ ಯಾವಾಗ ಎಂದು ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿರುವ ಇಲಾಖೆಯ ಕಚೇರಿಯಲ್ಲಿ ಡಿಸೆಂಬರ್‌ನಿಂದಲೇ ವಿಚಾರಿಸುತ್ತಿರಿ. ಪ್ರಕಟಣೆಗೂ ಟ್ರಯಲ್ಸ್‌ಗೂ ನಡುವೆ ಸಿಗುವ ದಿನಗಳು ಕಡಿಮೆ.

ಕೋಲಾರ_ಕೋರ್ಟ್

ಪಿಇ ಸರ್ ದಾರಿ ಹೇಳಿದ್ದಾರೆ, ನಾನು ಆಟದ ಬಗ್ಗೆ ಬರೆಯುತ್ತೇನೆ.

ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಮಾತು "ಸೆಂಟರ್ ಆಡುತ್ತಾನೆ" ಎಂಬುದು. ತಾಲ್ಲೂಕು ಮಟ್ಟದಲ್ಲಿ 6 ಅಡಿ 1 ಅಂಗುಲದವನನ್ನು ರಿಂಗ್ ಕೆಳಗೆ ನಿಲ್ಲಿಸುತ್ತಾರೆ. ಶಾಲೆ ಗೆಲ್ಲುತ್ತದೆ, ಹುಡುಗ ಕಲಿಯುವುದು ನಿಲ್ಲುತ್ತದೆ. ಸೀನಿಯರ್ ಮಟ್ಟಕ್ಕೆ ಬಂದಾಗ ಸೆಂಟರ್‌ಗಳು 6 ಅಡಿ 7, 6 ಅಡಿ 9 ಅಂಗುಲದವರು. ಆಸ್ಟ್ರೇಲಿಯಾದ ಸಿಡ್ನಿ ಕಿಂಗ್ಸ್ ತಂಡದ ಪರ ಆಡಿದ ಅಮೃತ್‌ಪಾಲ್ ಸಿಂಗ್ 6 ಅಡಿ 11ರ ಹತ್ತಿರ. ನಿಮ್ಮ ಹುಡುಗ ಇನ್ನೂ ಎರಡು ಮೂರು ಅಂಗುಲ ಬೆಳೆದರೂ ಆ ಜಾಗ ಅವನದಲ್ಲ. 6 ಅಡಿ 3 ಅಥವಾ 4 ಅಂಗುಲ ಎಂದರೆ ಗಾರ್ಡ್, ರಿಂಗ್‌ನಿಂದ ದೂರದಲ್ಲಿ ಚೆಂಡು ನಡೆಸುವವನು. ಹೊರಗಿನಿಂದ ಶೂಟ್ ಮಾಡಬೇಕು, ಎರಡೂ ಕೈಯಲ್ಲಿ ಡ್ರಿಬಲ್ ಮಾಡಬೇಕು, ತನ್ನಷ್ಟೇ ಚುರುಕಿನ ಗಾರ್ಡ್‌ನನ್ನು ಅಡ್ಡಗಟ್ಟಬೇಕು. 18ನೇ ವಯಸ್ಸಿಗೆ ಇದನ್ನು ಶುರು ಮಾಡಿದರೆ 10 ವರ್ಷದಿಂದ ಚೆಂಡು ತಟ್ಟಿದವರ ಮುಂದೆ ನಿಲ್ಲಲಾಗುವುದಿಲ್ಲ. ಶಾಲೆಗೆ ಬೇಕಾದರೆ ಪಂದ್ಯದಲ್ಲಿ ಸೆಂಟರ್ ಆಡಲಿ, ಅಭ್ಯಾಸ ಮಾತ್ರ ಪೂರ್ತಿ ಗಾರ್ಡ್‌ನದ್ದು ಮಾಡಿಸಿ. ನಿಮ್ಮ ಪ್ರಶ್ನೆಗೆಲ್ಲ ಒಂದೇ ಉತ್ತರ ಕೊಡು ಎಂದರೆ ನಾನು ಕೊಡುವುದು ಇದನ್ನೇ.

ಅಭ್ಯಾಸಕ್ಕೆ ಮೊದಲು ಕೋರ್ಟ್ ಅಳೆಯಿರಿ. ನಮ್ಮ ಜಿಲ್ಲೆಗಳ ಹಳೆಯ ಸಿಮೆಂಟ್ ಕೋರ್ಟ್‌ಗಳಲ್ಲಿ ಮೂರು ಅಂಕದ ಗೆರೆ ಇನ್ನೂ 6.25 ಮೀಟರ್‌ನಲ್ಲೇ ಇರುವುದುಂಟು. 2010ರಲ್ಲಿ ಅದು 6.75ಕ್ಕೆ ಹೋಯಿತು. ರಿಂಗ್ ಕೆಳಗಿನ ಬಣ್ಣದ ಜಾಗ ಬುಡ ಅಗಲವಾಗಿ ಓರೆಗೆರೆಗಳಲ್ಲಿದ್ದರೆ ಅದು ಹಳೆಯ ಕೋರ್ಟ್ ಎಂದೇ ಅರ್ಥ. ಈಗಿನದು 4.9 ಮೀಟರ್ ಅಗಲದ ಆಯತ. ಅರ್ಧ ಮೀಟರ್ ಹತ್ತಿರದಿಂದ ಶೂಟ್ ಮಾಡಿ ಪಳಗಿದವನು ಕಂಠೀರವದಲ್ಲಿ ಟ್ರಯಲ್ಸ್‌ಗೆ ನಿಂತಾಗ ಚೆಂಡು ರಿಂಗ್‌ನ ಮುಂಭಾಗಕ್ಕೇ ಬಡಿಯುತ್ತದೆ. ಹುಡುಗ ಹೆದರಿದ್ದಾನೆ ಎಂದು ಜೊತೆಗೆ ಬಂದವರು ಅಂದುಕೊಳ್ಳುತ್ತಾರೆ, ನಿಜವಾದ ಕಾರಣ ಗೆರೆ.

ಹೊಸ ಗೆರೆ ಹಾಕುವುದು ಸುಲಭ. ರಿಂಗ್‌ನ ಅಡ್ಡಕ್ಕೆ ಕೋಲು ಇಟ್ಟು, ನಟ್ಟನಡುವಿನಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ಕಲ್ಲು ನೆಲ ಮುಟ್ಟುವ ಜಾಗ ಬೇಸ್‌ಲೈನ್‌ನ (ರಿಂಗ್ ಹಿಂದಿನ ಗೆರೆ) ಒಳ ಅಂಚಿನಿಂದ 1.575 ಮೀಟರ್ ಇರಬೇಕು. ಅಲ್ಲಿಂದ 6.75 ಮೀಟರ್ ಹಗ್ಗ ಹಿಡಿದು ಸೀಮೆಸುಣ್ಣದಲ್ಲಿ ಕಮಾನು ಎಳೆಯಿರಿ. ಹಗ್ಗ ಎಳೆದಾಗ ಹಿಗ್ಗದ ಹಾಗೆ ನೈಲಾನ್ ಬದಲು ಹುರಿಹಗ್ಗವೋ ತಂತಿಯೋ ಇರಲಿ. ಕಾರ್ನರ್‌ನಲ್ಲಿ ಗೆರೆ ನೇರ, ಸೈಡ್‌ಲೈನ್‌ನಿಂದ 0.90 ಮೀಟರ್ ಒಳಗೆ. ರಿಂಗ್ ಎತ್ತರವನ್ನೂ ಟೇಪ್ ಹಿಡಿದು ನೋಡಿ: ನೆಲದಿಂದ ರಿಂಗ್‌ನ ಮೇಲಂಚಿಗೆ 3.05 ಮೀಟರ್. ಕಂಬ ಮುಂದಕ್ಕೆ ಬಾಗಿದ್ದರೆ ರಿಂಗ್ ತಗ್ಗುತ್ತದೆ, ನೆಲದ ಮೇಲೆ ಹೊಸ ಕಾಂಕ್ರೀಟ್ ಸುರಿದಿದ್ದರೆ ಎತ್ತರ ಕಡಿಮೆಯಾಗಿರುತ್ತದೆ. ನೆಟ್ ಇಲ್ಲದಿದ್ದರೆ ಒಂದು ನೈಲಾನ್ ನೆಟ್ ಕಟ್ಟಿಸಿ. ನೆಟ್ ಇಲ್ಲದೆ ಚೆಂಡು ದೂರ ಓಡಿಹೋಗಿ ಶೂಟ್ ಮಾಡುವುದಕ್ಕಿಂತ ಹೆಕ್ಕಿ ತರುವುದಕ್ಕೇ ಸಮಯ ಹೋಗುತ್ತದೆ.

ಚೆಂಡು 7ನೇ ಸೈಜ್. ಸಿಮೆಂಟ್‌ಗೆ ರಬ್ಬರ್ ಚೆಂಡೇ ಸರಿ, ಕಾಂಪೋಸಿಟ್ (ಕೃತಕ ಚರ್ಮದ ಚೆಂಡು) ತಂದರೆ ಬೇಗ ಸವೆದು ನುಣುಪಾಗುತ್ತದೆ. ಆದರೆ ಟೂರ್ನಿಗಳಲ್ಲಿ ಕಾಂಪೋಸಿಟ್ ಅಥವಾ ಚರ್ಮದ ಚೆಂಡು ಕೊಡುತ್ತಾರೆ, ಅದರ ಹಿಡಿತವೇ ಬೇರೆ. ಒಂದು ಕಾಂಪೋಸಿಟ್ ಚೆಂಡು ತಂದು ಮನೆಯೊಳಗೆ ಪಾಸ್, ಹಿಡಿತ, ಗೋಡೆಗೆ ಎಸೆಯುವುದಕ್ಕೆ ಇಟ್ಟುಕೊಳ್ಳಲಿ.

ಒಂದೂವರೆ ಗಂಟೆ ಕಡಿಮೆಯಲ್ಲ, ಹಂಚಿಕೊಳ್ಳುವ ರೀತಿ ಮುಖ್ಯ. ಮೊದಲ 10 ನಿಮಿಷ ಮೈ ಬಿಸಿ ಮಾಡುವುದು, ಪಾದದ ಗಂಟು ಮತ್ತು ಸೊಂಟದ ಚಲನೆ. ಮುಂದಿನ 20 ನಿಮಿಷ ಡ್ರಿಬಲ್, ಅದರಲ್ಲಿ ಮುಕ್ಕಾಲು ಪಾಲು ಎಡಗೈ. ಕುರ್ಚಿಯೋ ಇಟ್ಟಿಗೆಯೋ ಇಟ್ಟು ಅದನ್ನೇ ಸ್ಕ್ರೀನ್ (ಡಿಫೆಂಡರ್‌ಗೆ ಅಡ್ಡ ನಿಲ್ಲುವ ನಮ್ಮ ಆಟಗಾರ) ಎಂದುಕೊಂಡು, ಭುಜ ತಗಲುವಷ್ಟು ಹತ್ತಿರದಿಂದ ದಾಟಬೇಕು. ದೂರದಿಂದ ಸುತ್ತಿಕೊಂಡು ಹೋದರೆ ಪಂದ್ಯದಲ್ಲಿ ಡಿಫೆಂಡರ್ ಆ ಸಂದಿಯಲ್ಲೇ ನುಸುಳುತ್ತಾನೆ. ಆಮೇಲೆ 40 ನಿಮಿಷ ಶೂಟಿಂಗ್: ಎರಡು ಕಾರ್ನರ್, ಎರಡು ವಿಂಗ್, ನಡುವೆ ಒಂದು, ಹೀಗೆ ಐದು ಜಾಗ. ಎಸೆದದ್ದನ್ನು ಎಣಿಸಬೇಡಿ, ಒಳಗೆ ಬಿದ್ದದ್ದನ್ನು ಎಣಿಸಿ. ಶುರುವಿನಲ್ಲಿ ಒಂದೊಂದು ಜಾಗದಿಂದ 20 ಬೀಳಬೇಕು, ಒಟ್ಟು 100. ಆರು ತಿಂಗಳಲ್ಲಿ 200 ಮುಟ್ಟಬಹುದು, ಚೆಂಡು ಹೆಕ್ಕಿ ಪಾಸ್ ಕೊಡಲು ಒಬ್ಬ ಜೊತೆಗಿದ್ದರೆ. ಎಷ್ಟು ಎಸೆತಕ್ಕೆ 100 ಬಿತ್ತು ಎಂದು ಪುಸ್ತಕದಲ್ಲಿ ಬರೆಯಲಿ. ಯಾರೂ ಅಡ್ಡ ಇಲ್ಲದಾಗ ಹತ್ತಕ್ಕೆ ಆರು ಬೀಳದ ಶೂಟರ್‌ಗೆ ಪಂದ್ಯದಲ್ಲಿ ಹತ್ತಕ್ಕೆ ಮೂರೂ ಕಷ್ಟ.

ಫ್ರೀ ಥ್ರೋ ಸಾಲಾಗಿ 50 ಹೊಡೆಸುವುದರಿಂದ ಪ್ರಯೋಜನ ಕಡಿಮೆ. ಪಂದ್ಯದಲ್ಲಿ ಎರಡೇ ಸಿಗುತ್ತವೆ, ಅದೂ ಏದುಸಿರು ಬಿಡುವಾಗ. ಕೋರ್ಟ್‌ನ ಈ ತುದಿಯಿಂದ ಆ ತುದಿಗೆ ಓಡಿ ಬಂದು ಎರಡು, ಮತ್ತೆ ಓಡಿ ಎರಡು, ಹೀಗೆ ಹತ್ತು ಸಲ. ಇಪ್ಪತ್ತಕ್ಕೆ 16 ಗುರಿ ಇರಲಿ.

ಟ್ರಯಲ್ಸ್‌ನಲ್ಲಿ ನಮ್ಮ ಮಕ್ಕಳು ಸಿಕ್ಕಿಬೀಳುವ ಎರಡು ತಪ್ಪುಗಳಿವೆ. ಒಂದು ಟ್ರಾವೆಲ್, ಅಂದರೆ ಚೆಂಡು ಹಿಡಿದು ನಿಯಮ ಮೀರಿ ಹೆಜ್ಜೆ ಇಡುವುದು. ನಿಂತಲ್ಲಿಂದ ಡ್ರಿಬಲ್ ಶುರು ಮಾಡುವಾಗ ಪಿವಟ್ ಕಾಲು (ನೆಲಕ್ಕೆ ಊರಿಕೊಂಡಿರುವ ಕಾಲು) ಎತ್ತುವ ಮೊದಲು ಚೆಂಡು ಕೈಬಿಡಬೇಕು. ಶಾಲಾ ಪಂದ್ಯದಲ್ಲಿ ಇದಕ್ಕೆ ಸೀಟಿ ಊದುವುದು ಅಪರೂಪ, ರಾಜ್ಯ ಮಟ್ಟದಲ್ಲಿ ಪ್ರತಿ ಸಲವೂ ಊದುತ್ತಾರೆ. ಮೊಬೈಲ್‌ನಲ್ಲಿ ಪಕ್ಕದಿಂದ ವಿಡಿಯೋ ಮಾಡಿ ನಿಧಾನವಾಗಿ ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಇನ್ನೊಂದು ಡಿಫೆನ್ಸ್. ಶಾಲಾ ತಂಡಗಳು ಹೆಚ್ಚಾಗಿ 2-3 ಝೋನ್ (ಮುಂದೆ ಇಬ್ಬರು, ಹಿಂದೆ ಮೂವರು ತಮ್ಮ ಜಾಗ ಕಾಯುವುದು) ಕಟ್ಟಿ ರಿಂಗ್ ಕೆಳಗೆ ಕೈಯೆತ್ತಿ ನಿಲ್ಲುತ್ತವೆ. ಮೇಲಿನ ಮಟ್ಟದಲ್ಲಿ ಒಬ್ಬನಿಗೆ ಒಬ್ಬ. ಸ್ಕ್ರೀನ್ ಬಂದಾಗ ಹಿಂದಿನವನು ಕೂಗಿ ಹೇಳಬೇಕು, ಮುಂದಿನವನು ದಾಟಿಕೊಂಡು ಹೋಗಬೇಕು. ಬಾಯಿ ಬಿಡದೆ ಆಡುವ ಹುಡುಗನನ್ನು ಕೋಚ್‌ಗಳು ಬೇಗ ಪಕ್ಕಕ್ಕೆ ಇಡುತ್ತಾರೆ. ಇಲ್ಲಿಂದ ಹೋದ ಮಕ್ಕಳಿಗೆ ಸಂಕೋಚ ಹೆಚ್ಚು, ಬೆಂಗಳೂರಿನವರು ಇಂಗ್ಲಿಷ್‌ನಲ್ಲಿ ಕೂಗುತ್ತಾರೆ ಎಂದು ಸುಮ್ಮನಾಗುತ್ತಾರೆ. "ಸ್ಕ್ರೀನ್ ಲೆಫ್ಟ್", "ಸ್ವಿಚ್", "ಹೆಲ್ಪ್", "ಬಾಲ್" – ಈ ನಾಲ್ಕು ಮಾತನ್ನು ಇಲ್ಲೇ ಅಭ್ಯಾಸದಲ್ಲಿ ಗಟ್ಟಿಯಾಗಿ ಕೂಗಿಸಿ.

ಇನ್ನು 3x3, ಅಂದರೆ ಮೂವರ ಎದುರು ಮೂವರ ಆಟ. ಬದಲಿ ಆಟಗಾರ ಸೇರಿ ನಾಲ್ಕು ಜನ ಇದ್ದರೆ ತಂಡ ಆಯಿತು, ಅರ್ಧ ಕೋರ್ಟ್ ಸಾಕು. 10 ನಿಮಿಷ ಅಥವಾ 21 ಅಂಕ, ಶೂಟ್ ಮಾಡಲು 12 ಸೆಕೆಂಡ್. ಎಲ್ಲರೂ ಎಲ್ಲ ಕೆಲಸ ಮಾಡಲೇಬೇಕಾದ್ದರಿಂದ ಇವನಂಥವನಿಗೆ ಗಾರ್ಡ್ ಆಟ ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಐದೈದು ಜನರ ಎರಡು ತಂಡ ಕೂಡಿಸಲಾಗದ ನಮ್ಮ ಊರುಗಳಿಗೆ ಹೇಳಿ ಮಾಡಿಸಿದ್ದು.

ಶಿರಾಗೇಟ್_ಮಾವ

ಕೋಲಾರದ ಸರ್, ಇಷ್ಟು ವಿವರಕ್ಕೆ ಧನ್ಯವಾದ. ಗೆರೆ ಅಳೆಸುತ್ತೇನೆ. ಬೆಂಗಳೂರಿನ ಪ್ರಶ್ನೆ, ಅಮೆರಿಕದ ಪ್ರಶ್ನೆ ಉಳಿದಿವೆ. ತಿಳಿದವರು ದಯವಿಟ್ಟು ಹೇಳಿ.

ತಿಪಟೂರು_ಕಲ್ಪತರು

ಅಮೆರಿಕದ ಬಗ್ಗೆ ನಾನು ಹೇಳುತ್ತೇನೆ. ಮುಂಗಡ ಹಣ ಕೊಡಬೇಡಿ. ಶಾಲೆಯ ಹೆಸರು ಕೇಳಿ, ಅದು ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಮಾನ್ಯತೆ ಪಡೆದ ಶಾಲೆಯೇ ಎಂದು ಅಮೆರಿಕ ಸರ್ಕಾರದ ಎಸ್‌ಇವಿಪಿ ಪಟ್ಟಿಯಲ್ಲಿ ನೀವೇ ಹುಡುಕಿ. ಎಫ್-1 ವೀಸಾಕ್ಕೆ ಬೇಕಾದ ಐ-20 ಪತ್ರವನ್ನು ಶಾಲೆಯೇ ಕೊಡಬೇಕು, ಏಜೆಂಟ್ ಕೊಡಲಾಗದು. ಸರ್ಕಾರಿ ಹೈಸ್ಕೂಲ್ ಎಂದು ಹೇಳಿದರೆ ಇನ್ನೂ ಎಚ್ಚರ: ಎಫ್-1 ವೀಸಾದಲ್ಲಿ ಸರ್ಕಾರಿ ಹೈಸ್ಕೂಲಿನಲ್ಲಿ ಒಟ್ಟು 12 ತಿಂಗಳಷ್ಟೇ ಓದಬಹುದು, ಅದರ ಪೂರ್ತಿ ಖರ್ಚನ್ನೂ ಕುಟುಂಬವೇ ಕಟ್ಟಬೇಕು. ಅಂದರೆ ಖಾಸಗಿ ಶಾಲೆಯೇ ಗತಿ. ಸ್ಕಾಲರ್‌ಶಿಪ್ ಎಂದರೆ ಎಷ್ಟು ಡಾಲರ್ ಕಡಿತ, ಉಳಿದದ್ದು ಎಷ್ಟು, ವಸತಿ ಮತ್ತು ವಿಮೆ ಯಾರದ್ದು ಎಂದು ಶಾಲೆಯಿಂದಲೇ ಬರಹದಲ್ಲಿ ತರಿಸಿಕೊಳ್ಳಿ.

ಈ ದಾರಿಯಲ್ಲಿ ಹೋದವರ ಉದಾಹರಣೆ ಸತ್ನಾಮ್ ಸಿಂಗ್. ಪಂಜಾಬಿನ ಬಲ್ಲೋಕೆ ಎಂಬ ಹಳ್ಳಿ, ಲೂಧಿಯಾನಾ ಅಕಾಡೆಮಿ, 2010ರಲ್ಲಿ ಫ್ಲೋರಿಡಾದ ಐಎಂಜಿ ಅಕಾಡೆಮಿ, 2015ರ ಡ್ರಾಫ್ಟ್‌ನಲ್ಲಿ (ಅಮೆರಿಕದ ದೊಡ್ಡ ಲೀಗ್ ಎನ್‌ಬಿಎ ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವುದು) ಡಲ್ಲಾಸ್ ಮ್ಯಾವರಿಕ್ಸ್ 52ನೆಯವನಾಗಿ ಆರಿಸಿತು. ಅವರ ಎತ್ತರ 7 ಅಡಿ 2 ಅಂಗುಲ. ಅಷ್ಟಾದರೂ ಎನ್‌ಬಿಎ ಪಂದ್ಯ ಆಡುವ ಅವಕಾಶ ಸಿಗಲಿಲ್ಲ, ಕೆಳಗಿನ ಲೀಗ್‌ನಲ್ಲಿ ಟೆಕ್ಸಾಸ್ ಲೆಜೆಂಡ್ಸ್ ಪರ ಆಡಿದರು. ಪ್ರಿನ್ಸ್‌ಪಾಲ್ ಸಿಂಗ್ ದೆಹಲಿ ಹತ್ತಿರದ ಎನ್‌ಬಿಎ ಅಕಾಡೆಮಿಯಿಂದ ಆಸ್ಟ್ರೇಲಿಯಾಕ್ಕೆ, ಅಲ್ಲಿಂದ ಅದೇ ಕೆಳಗಿನ ಲೀಗ್‌ನ (ಜಿ ಲೀಗ್) ಇಗ್ನೈಟ್ ತಂಡಕ್ಕೆ ಹೋದರು. ಇಬ್ಬರನ್ನೂ ಮೊದಲು ಗುರುತಿಸುವಂತೆ ಮಾಡಿದ್ದು ಎತ್ತರ. 6 ಅಡಿ 1ರ ಹುಡುಗನಿಗೆ ಹಾಗೆ ತಾವಾಗಿ ಬಂದು ಕರೆಯುವುದಿಲ್ಲ.

ಯೂಟ್ಯೂಬ್‌ನಲ್ಲಿ ಲೆಬ್ರಾನ್ ಹೈಸ್ಕೂಲಿನಿಂದ ನೇರ ಎನ್‌ಬಿಎಗೆ ಹೋದದ್ದು ನೋಡಿರುತ್ತಾನೆ, ಅದು 2003. ಈಗಿನ ನಿಯಮದಲ್ಲಿ ಡ್ರಾಫ್ಟ್‌ನ ವರ್ಷದೊಳಗೆ 19 ತುಂಬಬೇಕು, ಅಮೆರಿಕದಲ್ಲಿ ಓದಿದವನಾದರೆ ಹೈಸ್ಕೂಲ್ ತರಗತಿ ಮುಗಿದು ಒಂದು ವರ್ಷ ಕಳೆದಿರಬೇಕು. ವಿದೇಶಿ ಆಟಗಾರ 22ರ ವರ್ಷದಲ್ಲಿ ತಾನಾಗಿ ಅರ್ಹನಾಗುತ್ತಾನೆ. ಇಡೀ ಜಗತ್ತಿಗೆ ಎರಡು ಸುತ್ತಿನ 60 ಜಾಗ.

ಅಮೆರಿಕ ಬೇಕೇಬೇಕು ಎಂದರೆ ಇಲ್ಲೇ 12ನೇ ತರಗತಿ ಮುಗಿಸಿ ಕಾಲೇಜಿಗೆ ಪ್ರಯತ್ನಿಸುವುದು ಹೆಚ್ಚು ವಾಸ್ತವ. ಅಲ್ಲಿನ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎಯ ಮೊದಲ ಡಿವಿಷನ್‌ಗೆ 9ರಿಂದ 12ನೇ ತರಗತಿವರೆಗೆ 16 ಮುಖ್ಯ ವಿಷಯಗಳು, ಅವುಗಳಲ್ಲಿ 4ಕ್ಕೆ ಕನಿಷ್ಠ 2.3 ಸರಾಸರಿ ಬೇಕು. 2023ರಿಂದ ಎಸ್‌ಎಟಿ ಪ್ರವೇಶ ಪರೀಕ್ಷೆಯ ಅಂಕ ಎನ್‌ಸಿಎಎಗೆ ಬೇಡ, ಆದರೆ ಕೆಲವು ವಿಶ್ವವಿದ್ಯಾಲಯಗಳು ತಮ್ಮ ಪ್ರವೇಶಕ್ಕೆ ಕೇಳುತ್ತವೆ. ಲೆಕ್ಕ 9ನೇ ತರಗತಿಯಿಂದ ಶುರುವಾಗುತ್ತದೆ, ಆದ್ದರಿಂದ ಈ ವರ್ಷದ ಅಂಕಪಟ್ಟಿಯನ್ನು ಮುಖ್ಯೋಪಾಧ್ಯಾಯರ ಸಹಿ ಮೊಹರಿನೊಂದಿಗೆ ಜೋಪಾನವಾಗಿಡಿ. ನಮ್ಮ ಮನೆಗಳಲ್ಲಿ ಎಸ್‌ಎಸ್‌ಎಲ್‌ಸಿ ಬಂದಮೇಲೆ ಹಿಂದಿನ ಅಂಕಪಟ್ಟಿಗಳನ್ನು ಯಾರೂ ಇಟ್ಟುಕೊಂಡಿರುವುದಿಲ್ಲ. ಮೈಕಟ್ಟು ಬೆಳೆಯಲಿ ಎಂದು ಒಂದು ತರಗತಿ ಮತ್ತೆ ಓದಿಸುವ ಸಲಹೆ ಕೊಡುವವರಿದ್ದಾರೆ, ದಯವಿಟ್ಟು ಕೇಳಬೇಡಿ. 9ನೇ ತರಗತಿ ಸೇರಿದ ದಿನದಿಂದ ನಾಲ್ಕು ವರ್ಷದೊಳಗೆ ಆ ವಿಷಯಗಳು ಮುಗಿಯಬೇಕು. 12 ಮುಗಿದ ಮೇಲೂ ವರ್ಷಗಟ್ಟಲೆ ಇಲ್ಲೇ ಟೂರ್ನಿ ಆಡುತ್ತಿದ್ದರೆ ಅಲ್ಲಿ ಆಡಬಹುದಾದ ಅವಧಿ ಕಡಿಮೆಯಾಗುತ್ತದೆ. ಮೂರನೇ ಡಿವಿಷನ್‌ನಲ್ಲಿ ಆಟಕ್ಕಾಗಿ ಸ್ಕಾಲರ್‌ಶಿಪ್ ಇಲ್ಲ, ಅದನ್ನು ತಿಳಿಸದೆ ಸೇರಿಸುವವರಿದ್ದಾರೆ.

ಕಾಲೇಜು ಕೋಚ್‌ಗಳಿಗೆ ಕಳಿಸುವ ವಿಡಿಯೋ ಮೂರು ನಾಲ್ಕು ನಿಮಿಷ ಸಾಕು. ಮೊದಲ 30 ಸೆಕೆಂಡಿನಲ್ಲಿ ಒಳ್ಳೆಯದೆಲ್ಲ ಬರಲಿ, ಹಾಡು ಬೇಡ, ಜರ್ಸಿ ನಂಬರ್ ಕಾಣಲಿ. ಜೊತೆಗೆ ಒಂದು ಪೂರ್ತಿ ಪಂದ್ಯದ ಲಿಂಕ್ ಇರಲಿ, ಗಂಭೀರವಾಗಿರುವ ಕೋಚ್ ಕೇಳುವುದು ಅದನ್ನೇ.

ಕ್ಯಾತಸಂದ್ರ_ಸ್ಟೇಷನ್

ಭಾರತದಲ್ಲಿ ಬ್ಯಾಸ್ಕೆಟ್‌ಬಾಲ್‌ನಿಂದ ಬದುಕು ಕಟ್ಟಿಕೊಂಡವರಲ್ಲಿ ಹೆಚ್ಚಿನವರು ಇಲಾಖೆ ತಂಡಗಳವರು: ರೈಲ್ವೆ, ಒಎನ್‌ಜಿಸಿ, ಸರ್ವಿಸಸ್ (ಸೇನಾಪಡೆಗಳು), ಆದಾಯ ತೆರಿಗೆ, ಬ್ಯಾಂಕುಗಳು, ಪೊಲೀಸ್. ಭಾರತದ ನಾಯಕರಾಗಿದ್ದ, 2020ರ ಅರ್ಜುನ ಪ್ರಶಸ್ತಿ ಪಡೆದ ವಿಶೇಷ್ ಭೃಗುವಂಶಿ ಒಎನ್‌ಜಿಸಿಯವರು. ಲೀಗ್‌ಗಳು ಬಂದು ಹೋಗುತ್ತಿವೆ. ಯುಬಿಎ 2015ರಲ್ಲಿ ಶುರುವಾಗಿ ಕೆಲವೇ ವರ್ಷದಲ್ಲಿ ನಿಂತಿತು, 2022ರಲ್ಲಿ ಬಿಎಫ್‌ಐನ ಐಎನ್‌ಬಿಎಲ್ ಬಂತು. ಲೀಗ್ ಒಪ್ಪಂದ ಸಿಕ್ಕರೆ ಸಂತೋಷ, ಆದರೆ ಮನೆ ನಡೆಯುವುದು ಇಲಾಖೆಯ ಸಂಬಳದಿಂದ.

ರೈಲ್ವೆ ಕ್ರೀಡಾ ಕೋಟಾದ ಅಂಕ ನೋಡಿ: ಕ್ರೀಡಾ ಸಾಧನೆಗೆ 50, ಟ್ರಯಲ್ಸ್‌ಗೆ 40, ಓದಿಗೆ 10. ವಯಸ್ಸು 18ರಿಂದ 25, ಸಡಿಲಿಕೆ ಇಲ್ಲ. ಸಾಧನೆ ಇತ್ತೀಚಿನದಾಗಿರಬೇಕು, 16ರಲ್ಲಿ ಆಡಿದ ರಾಷ್ಟ್ರೀಯ ಕೂಟದ ಪ್ರಮಾಣಪತ್ರ 22ರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ 18 ದಾಟಿದ ಮೇಲೂ ಪ್ರತಿ ವರ್ಷ ರಾಷ್ಟ್ರೀಯ ಮಟ್ಟದಲ್ಲಿ ಆಡುತ್ತಲೇ ಇರಬೇಕು. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ಅರ್ಜಿಗೆ ನಿಗದಿತ ನಮೂನೆಗಳಿವೆ: ಫಾರ್ಮ್ 1 ಅಂತರರಾಷ್ಟ್ರೀಯ, 2 ರಾಷ್ಟ್ರೀಯ, 3 ಅಂತರ ವಿಶ್ವವಿದ್ಯಾಲಯ, 4 ರಾಷ್ಟ್ರೀಯ ಶಾಲಾ ಕೂಟ. ಪದಕದ ಜೊತೆ ಕೊಡುವ ಬಣ್ಣದ ಪ್ರಮಾಣಪತ್ರವನ್ನೇ ಈ ನಮೂನೆ ಎಂದುಕೊಳ್ಳಬೇಡಿ. ಕೂಟ ಮುಗಿದ ತಿಂಗಳಲ್ಲೇ ಸಂಬಂಧಪಟ್ಟವರ ಸಹಿ ಹಾಕಿಸಿ. ಪದಾಧಿಕಾರಿಗಳು ಬದಲಾದರೆ ನಾಲ್ಕು ವರ್ಷದ ಹಿಂದಿನ ಕೂಟಕ್ಕೆ ಸಹಿ ಹಾಕಲು ಯಾರೂ ಮುಂದೆ ಬರುವುದಿಲ್ಲ.

ಬೆಂಗಳೂರಿನ ಪ್ರಶ್ನೆಗೆ ನನ್ನ ಅಭಿಪ್ರಾಯ: 10ನೇ ತರಗತಿವರೆಗೆ ಬೇಡ. ತುಮಕೂರಿನಿಂದ 70 ಕಿ.ಮೀ., ಬೆಳಗಿನ ರೈಲು ಹಿಡಿದರೆ ಶನಿವಾರ ಭಾನುವಾರ ಕ್ಲಬ್ ಅಭ್ಯಾಸ ಮುಗಿಸಿ ಬರಬಹುದು. ಅವನಿಗೆ ಅಲ್ಲಿಂದ ಬೇಕಾಗಿರುವುದು ತನಗಿಂತ ಗಟ್ಟಿ ಹುಡುಗರ ಎದುರು ಆಟ, ಅದು ವಾರಕ್ಕೆ ಎರಡು ದಿನ ಸಿಕ್ಕರೂ ಈಗ ಸಾಕು. ಶೂಟಿಂಗ್, ಎಡಗೈ ಎಲ್ಲ ಇಲ್ಲೇ ಆಗುತ್ತದೆ. ಪಿಯುಗೆ ಕ್ರೀಡಾ ನಿಲಯ ಅಥವಾ ತಂಡ ಇರುವ ಕಾಲೇಜು ಸಿಕ್ಕರೆ ಆಗ ಕಳಿಸಿ. ಸೇರುವ ಮೊದಲೇ ಹಾಜರಾತಿ ಬಗ್ಗೆ ಪ್ರಾಂಶುಪಾಲರಿಂದ ಮಾತು ತೆಗೆದುಕೊಳ್ಳಿ. ಕ್ಯಾಂಪ್ ಮತ್ತು ಟೂರ್ನಿಗಳಿಗೆ ವಾರಗಟ್ಟಲೆ ರಜೆ ಬೇಕಾಗುತ್ತದೆ, 75 ಶೇಕಡಾ ಹಾಜರಾತಿ ಇಲ್ಲದೆ ಪರೀಕ್ಷೆಗೆ ಕೂರಲಾಗದೆ ಹೋದರೆ ಅಕ್ಕ ಭಾವನ ಭಯ ನಿಜವಾಗುತ್ತದೆ.

ಡಿಗ್ರಿ ಆರಿಸುವಾಗ ಕಾಲೇಜಿನ ಕೋರ್ಟ್‌ಗಿಂತ ಅದು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ ಎಂಬುದು ಮುಖ್ಯ, ಏಕೆಂದರೆ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಆಡುವುದು ವಿಶ್ವವಿದ್ಯಾಲಯದ ತಂಡ. ತುಮಕೂರಿನ ಡಿಗ್ರಿ ಕಾಲೇಜುಗಳು ತುಮಕೂರು ವಿವಿ, ಕೋಲಾರ ಚಿಕ್ಕಬಳ್ಳಾಪುರದವು ಟಮಕದ ಬೆಂಗಳೂರು ಉತ್ತರ ವಿವಿ, ಎಂಜಿನಿಯರಿಂಗ್ ಎಂದರೆ ವಿಟಿಯು. ಸಣ್ಣ ವಿವಿಯಲ್ಲಿ ತಂಡಕ್ಕೆ ಸೇರುವುದು ಸುಲಭ, ಆದರೆ ದಕ್ಷಿಣ ವಲಯದಲ್ಲಿ ಚೆನ್ನೈನ ತಂಡಗಳ ಎದುರು ಮೊದಲ ಸುತ್ತಲ್ಲೇ ಹೊರಬೀಳುವ ಸಂಭವ ಹೆಚ್ಚು. ವಲಯದ ಮೊದಲ ನಾಲ್ಕು ತಂಡ ಅಖಿಲ ಭಾರತಕ್ಕೆ, ಅಲ್ಲಿನ ಮೊದಲ ಎಂಟು ಖೇಲೋ ಇಂಡಿಯಾ ವಿವಿ ಕೂಟಕ್ಕೆ. ಹುಡುಗ ಆಗ ರಾಜ್ಯ ಜೂನಿಯರ್ ಆಡಿದ್ದರೆ ಬೆಂಗಳೂರಿನ ಬಲವಾದ ವಿವಿಯಲ್ಲಿ ಶುಲ್ಕ ವಿನಾಯಿತಿಯ ಕ್ರೀಡಾ ಸೀಟು ಕೇಳಬಹುದು. ಆಡಿಲ್ಲದಿದ್ದರೆ ಇಲ್ಲೇ ಓದುತ್ತ ವಿವಿ ತಂಡ ಸೇರಲಿ.

ಚಿಂತಾಮಣಿ_ಅಮ್ಮ

ನಮ್ಮ ಮಗಳು 8ನೇ ತರಗತಿ, 5 ಅಡಿ 6 ಅಂಗುಲ. ಹೆಣ್ಣುಮಕ್ಕಳಿಗೂ ಇದೇ ದಾರಿನಾ? ಆಟ ಆಡಿದ ಮೇಲೆ ಮಂಡಿಚಿಪ್ಪಿನ ಕೆಳಗೆ ನೋವು ಅಂತಾಳೆ, ಅಲ್ಲಿ ಸ್ವಲ್ಪ ಗಂಟು ಥರ ಇದೆ.

ಕೋಲಾರ_ಕೋರ್ಟ್

ಅಮ್ಮ, ದಾರಿ ಇದೇ. ಚೆಂಡು ಮಾತ್ರ 6ನೇ ಸೈಜ್, ಶಾಲೆಯಲ್ಲಿ ಹುಡುಗರ 7ನೇ ಸೈಜ್ ಚೆಂಡನ್ನೇ ಕೊಟ್ಟರೆ ಶೂಟ್ ಮಾಡುವ ರೀತಿ ಕೆಡುತ್ತದೆ, ಭುಜದಿಂದ ತಳ್ಳುವ ಅಭ್ಯಾಸ ಆಗಿಬಿಡುತ್ತದೆ. ಹೆಣ್ಣುಮಕ್ಕಳಲ್ಲಿ ಜಿಲ್ಲೆಗಳಿಂದ ಬರುವವರು ಕಡಿಮೆ, ಹಾಗಾಗಿ ಆಡುವ ಹುಡುಗಿ ಬೇಗ ಕಣ್ಣಿಗೆ ಬೀಳುತ್ತಾಳೆ. ಕಾಲೇಜು ದಾರಿಯೂ ಅವರಿಗೆ ಹೆಚ್ಚು ತೆರೆದಿದೆ. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಝೋನಾ ವಿವಿ ಪರ ಎನ್‌ಸಿಎಎ ಮೊದಲ ಡಿವಿಷನ್‌ನಲ್ಲಿ ಆಡಿದವರು. ಮಂಡಿ ನೋವಿಗೆ ಫಿಸಿಯೋ ಹೇಳಲಿ.

ಫಿಸಿಯೋ_ಚಿಕ್ಕಬಳ್ಳಾಪುರ

ಅಮ್ಮ, ಎತ್ತರ ವೇಗವಾಗಿ ಬೆಳೆಯುವ ವಯಸ್ಸಿನಲ್ಲಿ ಮಂಡಿಚಿಪ್ಪಿನ ಕೆಳಗೆ, ಮೊಣಕಾಲಿನ ಮುಂದಿನ ಮೂಳೆಯ ತುದಿಯಲ್ಲಿ ಗಂಟು ಮತ್ತು ನೋವು ಎಂದರೆ ಹೆಚ್ಚಾಗಿ ಆಸ್ಗುಡ್ ಶ್ಲಾಟರ್. ತೊಡೆಯ ಮುಂಭಾಗದ ಸ್ನಾಯು ಬೆಳೆಯುವ ಮೂಳೆಯ ಆ ಜಾಗವನ್ನು ಎಳೆಯುವುದರಿಂದ ಬರುತ್ತದೆ. ಆದರೂ ಒಮ್ಮೆ ಮೂಳೆ ವೈದ್ಯರಿಗೆ ತೋರಿಸಿ. ಒಂದೇ ಸಮನೆ ಊತ, ರಾತ್ರಿ ಮಲಗಿದಾಗಲೂ ನೋವು, ಜ್ವರ, ಕುಂಟುವುದು ಇದ್ದರೆ ತಡ ಮಾಡಬೇಡಿ. ಆಸ್ಗುಡ್ ಆದರೆ ಆಟ ಪೂರ್ತಿ ಬಿಡಿಸಬೇಕಾಗಿಲ್ಲ, ಜಿಗಿತ ಕಡಿಮೆ ಮಾಡಬೇಕು. ಹತ್ತಕ್ಕೆ ಮೂರರಷ್ಟು ನೋವಿನೊಳಗೆ, ಮರುದಿನ ಬೆಳಿಗ್ಗೆಗೆ ಇಳಿಯುವಷ್ಟು ಆಡಬಹುದು. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತಂತೆ 30ರಿಂದ 45 ಸೆಕೆಂಡ್, ಐದು ಸಲ, ನೋವು ಬಾರದ ಕೋನದಲ್ಲಿ. ಆಟದ ನಂತರ ಬಟ್ಟೆ ಸುತ್ತಿದ ಐಸ್ 10 ನಿಮಿಷ.

ಮಾವ ಅವರ ಹುಡುಗನಿಗೂ ಸೇರಿಸಿ ಹೇಳುತ್ತೇನೆ. ಸಿಮೆಂಟ್ ಮೇಲೆ ದಿನವೂ ಜಿಗಿದರೆ ಮಂಡಿಯ ಸ್ನಾಯುರಜ್ಜು ನೋಯಲು ಶುರುವಾಗುತ್ತದೆ. ವಾರಕ್ಕೆ ಎರಡು ದಿನ ಜಿಗಿತವಿಲ್ಲದ ಅಭ್ಯಾಸ ಇರಲಿ: ಡ್ರಿಬಲ್, ನಿಂತು ಶೂಟಿಂಗ್, ಪಾಸ್. ಬ್ಯಾಸ್ಕೆಟ್‌ಬಾಲ್‌ನಲ್ಲಿ ಅತಿ ಹೆಚ್ಚು ಆಗುವ ಗಾಯ ಪಾದದ ಗಂಟಿನ ಉಳುಕು. ಒಂದು ಸಲ ಉಳುಕಿದ್ದು ಮತ್ತೆ ಉಳುಕುತ್ತದೆ, ಕಾರಣ ಊತ ಇಳಿದ ಕೂಡಲೇ ಆಡಲು ಇಳಿಯುವುದು. ಒಂಟಿ ಕಾಲಲ್ಲಿ ಕಣ್ಣು ಮುಚ್ಚಿ 30 ಸೆಕೆಂಡ್ ಅಲುಗಾಡದೆ ನಿಲ್ಲುವಂತಾಗುವ ತನಕ ಪಂದ್ಯ ಬೇಡ. ರನ್ನಿಂಗ್ ಶೂ ಹಾಕಿ ಆಡಿಸಬೇಡಿ. ಅದರ ಹಿಮ್ಮಡಿ ಎತ್ತರ, ತಳ ಕಿರಿದು, ಪಕ್ಕಕ್ಕೆ ತಿರುಗಿದಾಗ ಕಾಲು ಮಗುಚುತ್ತದೆ.

64 ಕೆ.ಜಿ. ಈ ಎತ್ತರಕ್ಕೆ ತೆಳುವಾಯಿತು, ಆದರೆ 15ರಲ್ಲಿ ಗಾಬರಿಯಾಗುವಂಥದ್ದಲ್ಲ. ಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು, ಮೊಟ್ಟೆ, ಹಾಲು, ಕಡಲೆಕಾಯಿ ಎಲ್ಲ ಇರುವ ಮನೆ ಊಟವನ್ನೇ ದಿನಕ್ಕೆ ನಾಲ್ಕು ಹೊತ್ತು ಮಾಡಿ. ಅಭ್ಯಾಸ ಮುಗಿದ ಅರ್ಧ ಮುಕ್ಕಾಲು ಗಂಟೆಯೊಳಗೆ ಒಂದು ಊಟ ಬೀಳಬೇಕು, ಟ್ಯೂಷನ್‌ಗೆ ಹೋಗಿ ಒಂಬತ್ತಕ್ಕೆ ಉಣ್ಣುವುದಲ್ಲ. ಜಿಮ್‌ನವರು ಕೊಡುವ ಪೌಡರ್, ಪ್ರೀ-ವರ್ಕೌಟ್ ಡಬ್ಬಿ ಮುಟ್ಟಿಸಬೇಡಿ. ಹೈಜೆನಮೈನ್‌ನಂಥ ನಿಷೇಧಿತ ವಸ್ತುಗಳು ಇಂಥ ಡಬ್ಬಿಗಳಲ್ಲಿ ಸಿಗುತ್ತವೆ, ಮೇಲಿನ ಚೀಟಿಯಲ್ಲಿ ಗಿಡಮೂಲಿಕೆ ಎಂದಷ್ಟೇ ಬರೆದಿರಬಹುದು. ಗೊತ್ತಿಲ್ಲದೆ ಕುಡಿದೆ ಎಂದರೂ ಪರೀಕ್ಷೆಯಲ್ಲಿ ಸಿಕ್ಕರೆ ಹೊಣೆ ಆಟಗಾರನದೇ, ನಿಷೇಧ ವರ್ಷಗಟ್ಟಲೆ ಬೀಳುತ್ತದೆ.

ಗುಬ್ಬಿ_ಪಿಇ

ಮಾವ ಸರ್, ಇನ್ನೊಂದು ಸಣ್ಣ ವಿಷಯ. ಟ್ರಯಲ್ಸ್‌ಗೆ ಹೋಗುವ ದಿನ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ವ್ಯಾಸಂಗ ಪ್ರಮಾಣಪತ್ರ ಮೂಲ ಮತ್ತು ಎರಡೆರಡು ಜೆರಾಕ್ಸ್, ನಾಲ್ಕು ಫೋಟೋ ಬೇಕು. ಹೊಸ ಶೂ ಹಾಕಿಸಬೇಡಿ, ಎರಡು ವಾರ ಹಾಕಿ ಪಳಗಿದ್ದೇ ಇರಲಿ. ಕರೆಯುವುದಕ್ಕೆ ಒಂದು ಗಂಟೆ ಮೊದಲೇ ತಲುಪಿದರೆ ಮರದ ನೆಲದ ಮೇಲೆ ಚೆಂಡು ತಟ್ಟಿ, ನಾಲ್ಕು ಲೇಅಪ್ (ಓಡಿ ಬಂದು ರಿಂಗ್ ಹತ್ತಿರದಿಂದ ಹಾಕುವುದು) ಹಾಕಿ ನೋಡಲು ಸಮಯ ಸಿಗುತ್ತದೆ. ಸಿಮೆಂಟ್‌ನಲ್ಲಿ ಆಡಿದವನಿಗೆ ಅಲ್ಲಿ ಶೂ ಹಿಡಿಯುವ ರೀತಿ ಬೇರೆ, ಜಿಗಿತದ ಅಂದಾಜು ಬೇರೆ. ಫಾರ್ಮ್‌ನಲ್ಲಿ "ಪೊಸಿಷನ್" ಎಂದು ಕೇಳಿರುವ ಕಡೆ ಸೆಂಟರ್ ಎಂದು ಬರೆಸಬೇಡಿ, ಗಾರ್ಡ್ ಎಂದೇ ಬರೆಯಲಿ.